ಕರಗಿದ ಉಪ್ಪು ಎಲ್ಲೂ ಹೋಗಲ್ಲ

1/4
ಒಂದು ಲೋಟ ನೀರಿಗೆ ಉಪ್ಪು ಹಾಕಿ ಕಲಕಿದ್ರೆ ಕಣ್ಣಿಗೆ ಕಾಣಲ್ಲ. ಆದ್ರೆ ನೀರು ಆವಿಯಾದ್ರೆ ತಳದಲ್ಲಿ ಮತ್ತೆ ಅದೇ ಉಪ್ಪು. ಹೈಸ್ಕೂಲಲ್ಲಿ ಇದನ್ನ ‘ಭೌತ ಬದಲಾವಣೆ’ ಅಂತ ಓದಿದ್ವಿ, ನೆನಪಿದ್ಯಾ? 1930ರಲ್ಲಿ ಇದೇ ಪಾಠ ಬ್ರಿಟಿಷ್ ಸರ್ಕಾರಕ್ಕೆ ತಲೆನೋವಾಯ್ತು.

2/4
1882ರ ಕಾಯ್ದೆ ಪ್ರಕಾರ ಉಪ್ಪಿನ ಮೇಲೆ ಪೂರ್ತಿ ಸರ್ಕಾರದ ಹಿಡಿತ. ಸಮುದ್ರದ ಪಕ್ಕದಲ್ಲೇ ಮನೆ ಇದ್ರೂ ಸ್ವಂತಕ್ಕೆ ಉಪ್ಪು ಮಾಡ್ಕೊಳ್ಳೋದು ಅಪರಾಧ! 1930ರಲ್ಲಿ ಒಂದು ಮಣಕ್ಕೆ (ಸುಮಾರು 37 ಕೆಜಿ) ತೆರಿಗೆ 1 ರೂಪಾಯಿ 4 ಆಣೆ. ನಮ್ ಬಿಕಾಂ ಭಾಷೇಲಿ ಹೇಳೋದಾದ್ರೆ ಇದು ಪರೋಕ್ಷ ತೆರಿಗೆ. ಬೆಲೆ ಏರಿದ್ರೂ ಉಪ್ಪು ಬಿಡೋಕಾಗಲ್ಲ. ಸಾಹುಕಾರನ ಊಟಕ್ಕೂ ಕೂಲಿಯವನ ಗಂಜಿಗೂ ಒಂದೇ ದರ. ಬಿಸಿಲಲ್ಲಿ ಬೆವರು ಸುರಿಸೋನಿಗೆ ಉಪ್ಪು ಇನ್ನೂ ಜಾಸ್ತಿ ಬೇಕು.

3/4
ಗಾಂಧೀಜಿ ದಂಡಿ ತಲುಪೋ ಮೊದಲೇ ಅಲ್ಲಿನ ದಡದ ಉಪ್ಪನ್ನ ಅಧಿಕಾರಿಗಳು ಕೆಸರಿಗೆ ಕಲಸಿಬಿಟ್ಟಿದ್ರು. ಆದ್ರೆ ಕೆಸರಿಗೆ ಸೇರಿದ ಮಾತ್ರಕ್ಕೆ ಉಪ್ಪು ನಾಶ ಆಗಲ್ಲ. ಉಪ್ಪು ನೀರಲ್ಲಿ ಕರಗುತ್ತೆ, ಮಣ್ಣು ಕರಗದೆ ತಳಕ್ಕೆ ಇಳಿಯುತ್ತೆ. ತಿಳಿ ಸೋಸಿ ಕುದಿಸಿದ್ರೆ ಉಪ್ಪು ರೆಡಿ. ಏಪ್ರಿಲ್ 6ರಂದು ಗಾಂಧೀಜಿ ಎತ್ತಿದ್ದೂ ಉಪ್ಪು ಬೆರೆತ ಮಣ್ಣನ್ನೇ.

ಕುದಿಸಿ ತಣ್ಣಗೆ ಬಿಟ್ರೆ ಸಾಲದಾ ಅಂತ ಕೇಳಬಹುದು. ಸಾಲಲ್ಲ. 100 ಮಿಲಿ ಐಸ್‌ನಂಥ ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತೆ, ಕುದಿಯೋ ನೀರಲ್ಲಿ 39 ಗ್ರಾಂ ಅಷ್ಟೇ. ವ್ಯತ್ಯಾಸ ಇಷ್ಟು ಕಡಿಮೆ ಇರೋದ್ರಿಂದ ತಣಿಸಿದ್ರೆ ಏನೂ ಸಿಗಲ್ಲ, ನೀರನ್ನೇ ಓಡಿಸ್ಬೇಕು. ಸಮುದ್ರದ ಲೀಟರ್ ನೀರಲ್ಲಿ ಎಲ್ಲಾ ಲವಣ ಸೇರಿ ಇರೋದೇ ಸುಮಾರು 35 ಗ್ರಾಂ. ಹಾಗಾಗಿ ಹತ್ತರಲ್ಲಿ ಒಂಬತ್ತು ಪಾಲು ನೀರು ಆವಿಯಾದ್ಮೇಲೆ ಉಪ್ಪಿನ ಹರಳು ಕಟ್ಟೋಕೆ ಶುರು.

4/4
ಏಪ್ರಿಲ್ 13ಕ್ಕೆ ನಮ್ಮ ಅಂಕೋಲಾ! ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಜನ ಕಡಲ ನೀರಿಂದ ಉಪ್ಪು ಮಾಡಿ ಕಾಯ್ದೆ ಮುರಿದ್ರು. ಆ ವರ್ಷ ದೇಶದಲ್ಲಿ 60,000ಕ್ಕೂ ಹೆಚ್ಚು ಜನ ಜೈಲಿಗೆ ಹೋದ್ರು. ಅವರ ಹತ್ರ ಇದ್ದ ಸಾಮಾನು ಅಂದ್ರೆ ಒಂದು ಪಾತ್ರೆ, ಒಂದಿಷ್ಟು ಸೌದೆ, ಸಮುದ್ರದ ನೀರು. ತೆರಿಗೆ ಕೊನೆಗೂ ರದ್ದಾಗಿದ್ದು 1947ರಲ್ಲಿ.

ಗೋಕರ್ಣದ ಹತ್ರ ಸಾಣಿಕಟ್ಟಾದ ಆಗರಗಳಲ್ಲಿ ಇವತ್ತಿಗೂ ಬಿಸಿಲಲ್ಲೇ ಉಪ್ಪು ಬೆಳೀತಾರೆ. ಉತ್ತರ ಕನ್ನಡದ ಫ್ರೆಂಡ್ಸ್, ನಿಮ್ಮನೆ ಉಪ್ಪಿನಕಾಯಿಗೆ ಆ ಉಪ್ಪೇನಾ? ಕಾಮೆಂಟಲ್ಲಿ ಹೇಳಿ 👇

#ಉಪ್ಪಿನಸತ್ಯಾಗ್ರಹ #ಅಂಕೋಲಾ #ಇತಿಹಾಸ