ನೆರೆಯ ಜಮೀನಿನಿಂದ ಹರಡುವ ಲಂಟಾನ: ನಿರ್ಮೂಲನೆ ಹಾಗೂ ಅರ್ಜಿ ಸಲ್ಲಿಸುವ ಬಗ್ಗೆ

ಲಂಟಾನವು ಅಮೆರಿಕ ಖಂಡದ ಉಷ್ಣವಲಯಕ್ಕೆ ಸೇರಿದ ಪೊದೆಗಿಡವಾಗಿರುತ್ತದೆ. 19ನೇ ಶತಮಾನದ ಆರಂಭದಲ್ಲಿ ಅಲಂಕಾರಿಕ ಸಸ್ಯವಾಗಿ ಭಾರತಕ್ಕೆ ತರಲಾದ ಇದು, ಬೇಲಿಗಿಡವಾಗಿ ದೇಶದೆಲ್ಲೆಡೆ ಹಬ್ಬಿತು. ಬಂಡೀಪುರ ಹಾಗೂ ಬಿಳಿಗಿರಿರಂಗನಬೆಟ್ಟದ ಅರಣ್ಯಗಳನ್ನು ವ್ಯಾಪಿಸಿರುವುದೂ ಇದೇ ಗಿಡ. ಹೂವಿಗಾಗಿ ಬೆಳೆಸಿದ ಒಂದೆರಡು ಗಿಡಗಳ ಹಣ್ಣನ್ನು ಪಿಕಳಾರ, ಮೈನಾ ಮುಂತಾದ ಹಕ್ಕಿಗಳು ತಿಂದು ಬೀಜವನ್ನು ಅಕ್ಕಪಕ್ಕದ ಜಮೀನುಗಳಿಗೆ ಹರಡುತ್ತವೆ. ನೆಲಕ್ಕೆ ತಾಗಿದ ಕೊಂಬೆಗಳೂ ಬೇರು ಬಿಡುತ್ತವೆ.

ಜಾನುವಾರುಗಳಿಗೆ ಅಪಾಯ

ಇದರ ಎಲೆ ಹಾಗೂ ಕಾಯಿ ವಿಷಕಾರಿ. ಮೇವಿನ ಅಭಾವದ ಕಾಲದಲ್ಲಿ ಇದನ್ನು ತಿಂದ ದನ, ಕುರಿಗಳ ಯಕೃತ್ತಿಗೆ ಹಾನಿಯಾಗಿ, ಮೇವು ಬಿಡುವುದು, ಕಾಮಾಲೆ, ಬಿಸಿಲು ತಾಗಿದ ಚರ್ಮ ಊದಿಕೊಂಡು ಸುಲಿಯುವುದು ಕಂಡುಬರುತ್ತದೆ. ಅಂತಹ ಜಾನುವಾರುಗಳನ್ನು ನೆರಳಿನಲ್ಲಿ ಕಟ್ಟಿ, ಕೂಡಲೇ ಪಶುವೈದ್ಯರನ್ನು ಸಂಪರ್ಕಿಸತಕ್ಕದ್ದು.

ಕೀಳುವ ವಿಧಾನ

ಗಿಡವನ್ನು ಕೇವಲ ಸವರಿದಲ್ಲಿ ಅಥವಾ ಸುಟ್ಟಲ್ಲಿ ಬುಡದಿಂದ ಹೆಚ್ಚು ಕವಲುಗಳು ಚಿಗುರುತ್ತವೆ. ಪ್ರತಿ ವರ್ಷ ಕೂಲಿ ವ್ಯರ್ಥವಾಗುವುದು ಹೀಗೆಯೇ. ಬುಡದ ಮಣ್ಣನ್ನು ಸರಿಸಿ, ನೆಲಮಟ್ಟಕ್ಕಿಂತ ಸುಮಾರು 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಗುದ್ದಲಿಯಿಂದ ಕಡಿದು, ಇಡೀ ಪೊದೆಯನ್ನು ಎತ್ತಿ, ಬೇರು ಮೇಲ್ಮುಖವಾಗುವಂತೆ ಮಗುಚಿ ಒಣಗಿಸತಕ್ಕದ್ದು. ಮಳೆ ಬಿದ್ದು ನೆಲ ಮೆತ್ತಗಾದಾಗ, ಕಾಯಿ ಕಟ್ಟುವ ಮುನ್ನ ಈ ಕೆಲಸ ಸುಲಭ. ಮಣ್ಣಿನಲ್ಲಿ ಉಳಿದ ಬೀಜಗಳು ಮೊಳೆಯುವುದರಿಂದ ಮುಂದಿನ ಮಳೆಗಾಲಗಳಲ್ಲಿಯೂ ಸಸಿಗಳನ್ನು ಕೈಯಿಂದ ಕೀಳಬೇಕಾಗುತ್ತದೆ. ತೆರವಾದ ಜಾಗವನ್ನು ಬರಿದಾಗಿ ಬಿಡದೆ ಹುಲ್ಲು ಅಥವಾ ಇತರೆ ಬೆಳೆ ಬೆಳೆಸುವುದು ಸೂಕ್ತ. ಒಣಗಿದ ಕಡ್ಡಿ ನಿರುಪಯುಕ್ತವಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಸೋಲಿಗರು ಇದರಿಂದ ಪೀಠೋಪಕರಣ ತಯಾರಿಸುತ್ತಾರೆ.

ನೆರೆಯವರ ಜಮೀನಿನಲ್ಲಿ ಮೂಲ ಗಿಡವಿದ್ದಲ್ಲಿ

ತಾಯಿಗಿಡ ಉಳಿದಿರುವವರೆಗೆ ಒಂದೇ ಕಡೆಯ ಶ್ರಮ ಫಲಿಸುವುದಿಲ್ಲ. ಆದ್ದರಿಂದ ಮೊದಲು ನೆರೆಯ ಹಿಡುವಳಿದಾರರ ಒಪ್ಪಿಗೆ ಪಡೆದು ಎರಡೂ ಕಡೆ ಒಟ್ಟಿಗೆ ಕೀಳಿಸುವುದು ಉತ್ತಮ. ಒಪ್ಪಿಗೆ ದೊರೆಯದಿದ್ದಲ್ಲಿ, ತಮ್ಮ ಎಲ್ಲೆಯೊಳಗೆ ಚಾಚಿದ ಕೊಂಬೆ, ಬೇರುಗಳನ್ನು ಎಲ್ಲೆಯವರೆಗೆ ಮಾತ್ರ ಕತ್ತರಿಸಬಹುದು. ನೆರೆಯ ಜಮೀನಿಗೆ ಪ್ರವೇಶಿಸುವಂತಿಲ್ಲ. ಪೊದೆಯ ನಡುವೆ ಮರಗಳಿದ್ದಲ್ಲಿ ಅವುಗಳನ್ನು ಕಡಿಯುವ ಮುನ್ನ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಮೇರೆಗೆ ಅನುಮತಿ ಬೇಕೇ ಎಂಬುದನ್ನು ಅರಣ್ಯ ಇಲಾಖೆಯಲ್ಲಿ ವಿಚಾರಿಸತಕ್ಕದ್ದು.

ಎಲ್ಲೆಯ ಬಗ್ಗೆಯೇ ತಕರಾರು ಇದ್ದಲ್ಲಿ ಪಹಣಿಯೊಂದಿಗೆ ಹದ್ದುಬಸ್ತು ಅಳತೆಗೆ ಅರ್ಜಿ ಸಲ್ಲಿಸಬಹುದಾಗಿದೆ. ಬಾಜುದಾರರಿಗೆ ನೋಟೀಸು ನೀಡಿದ ನಂತರ ಭೂಮಾಪಕರು ಅಳತೆ ನಡೆಸುತ್ತಾರೆ. ಅಳತೆಗೆ ಮುನ್ನ ಬೇಲಿಯ ಗಿಡ ಕಿತ್ತು ಹಳೆಯ ಕಲ್ಲುಗಳನ್ನು ಅಲುಗಿಸಬಾರದು.

ಪೊದೆಯು ಸಾರ್ವಜನಿಕ ದಾರಿಗೆ ಅಡ್ಡಿಯಾಗಿದ್ದಲ್ಲಿ ಗ್ರಾಮ ಪಂಚಾಯಿತಿಗೆ ಅಥವಾ ನಗರ ಸ್ಥಳೀಯ ಸಂಸ್ಥೆಗೆ, ಸರ್ವೆ ನಂಬರು ಅಥವಾ ಸ್ವತ್ತಿನ ಸಂಖ್ಯೆ ಹಾಗೂ ಛಾಯಾಚಿತ್ರದೊಂದಿಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯತಕ್ಕದ್ದು. ಕ್ರಮವಾಗದಿದ್ದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಕಲಂ 152ರ ಅಡಿ (ದಿನಾಂಕ 1-7-2024ಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 133) ಉಪವಿಭಾಗಾಧಿಕಾರಿಯವರಿಗೆ ಮನವಿ ಸಲ್ಲಿಸಬಹುದು. ಸದರಿ ಕಲಂ ಸಾರ್ವಜನಿಕ ಉಪದ್ರವಕ್ಕೆ ಸಂಬಂಧಿಸಿದ್ದಾಗಿದ್ದು, ಇಬ್ಬರು ಹಿಡುವಳಿದಾರರ ನಡುವಣ ಖಾಸಗಿ ವ್ಯಾಜ್ಯಕ್ಕೆ ಅನ್ವಯಿಸುವುದಿಲ್ಲ. ಅದಕ್ಕೆ ಸಿವಿಲ್ ನ್ಯಾಯಾಲಯದಲ್ಲಿಯೇ ಪರಿಹಾರ ಪಡೆಯಬೇಕಾಗುತ್ತದೆ.