ಗೋರಿಗಲ್ಲಿನ ಹೆಸರುಗಳು

ಮೈಸೂರು ಸೀಮೆಯ ಇತಿಹಾಸವನ್ನು ಕಾಗದಕ್ಕಿಂತ ಹೆಚ್ಚಾಗಿ ಕಲ್ಲಿನಿಂದ ಓದಿದವರು ನಾವು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಸಾಹೇಬರು ಊರೂರು ಸುತ್ತಿ, ಸುಮಾರು ಒಂಬತ್ತು ಸಾವಿರ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಅಚ್ಚುಹಾಕಿಸದೆ ಇದ್ದಿದ್ದರೆ, ಗಂಗರ ವಿಷಯವಾಗಲಿ ಹೊಯ್ಸಳರ ವಿಷಯವಾಗಲಿ ನಮಗೆ ತಿಳಿಯುತ್ತಿದ್ದುದು ಅತ್ಯಲ್ಪ. ಆ ಸಂಪುಟಗಳಲ್ಲಿರುವುದೆಲ್ಲ ರಾಜರ ದಾನಶಾಸನಗಳೇ ಅಲ್ಲ. ತುರುಗಳನ್ನು ಬಿಡಿಸಹೋಗಿ ಮಡಿದವನ ವೀರಗಲ್ಲು, ಗಂಡನೊಡನೆ ಚಿತೆಯೇರಿದವಳ ಮಾಸ್ತಿಕಲ್ಲು, ಸಲ್ಲೇಖನದಿಂದ ದೇಹವನ್ನು ಬಿಟ್ಟವರ ನಿಸಿಧಿ, ಇವೂ ಅಲ್ಲಿ ನೂರುಗಟ್ಟಲೆ ಸೇರಿವೆ. ಬೆಂಗಳೂರೆಂಬ ಹೆಸರು ಮೊಟ್ಟಮೊದಲು ಕಾಣಿಸಿಕೊಳ್ಳುವುದೂ ಬೇಗೂರಿನಲ್ಲಿರುವ, ಸುಮಾರು 890ರ, ಒಂದು ವೀರಗಲ್ಲಿನಲ್ಲಿ. ಅಂದರೆ ಒಂದು ಮಹಾನಗರದ ಹೆಸರಿನ ಪ್ರಾಚೀನತೆಗೆ ಆಧಾರವಾಗಿ ನಿಂತಿರುವುದು ಸತ್ತವನೊಬ್ಬನ ಸ್ಮಾರಕ.

ಹೀಗಿದ್ದರೂ, ಕಾಲ ಹತ್ತಿರವಾದಷ್ಟೂ ನಮ್ಮ ಆಸಕ್ತಿ ದೂರವಾಗುವುದು ಆಶ್ಚರ್ಯಕರವಾಗಿದೆ. ಒಂಬತ್ತನೆಯ ಶತಮಾನದ ಗೋರಿಗಲ್ಲಿಗೆ ನಾವು ಕೈಮುಗಿಯುತ್ತೇವೆ. ಹತ್ತೊಂಬತ್ತನೆಯ ಶತಮಾನದ ಗೋರಿಗಲ್ಲನ್ನು ಕಂಡರೆ ಮುಖ ತಿರುಗಿಸುತ್ತೇವೆ. ಇಂಗ್ಲೀಷು ಓದಿದ ನಮ್ಮಂಥವರಲ್ಲಿ ಗ್ರೇ ಕವಿಯು 1751ರಲ್ಲಿ ಪ್ರಕಟಿಸಿದ ಸ್ಮಶಾನಗೀತೆಯನ್ನು ಕಂಠಪಾಠ ಮಾಡದವರು ಕಡಮೆ. ನಮ್ಮದೇ ಊರಿನ ಸ್ಮಶಾನದ ಬಾಗಿಲನ್ನು ದಾಟಿ ಒಂದು ಕಲ್ಲನ್ನಾದರೂ ಪೂರ್ತಿಯಾಗಿ ಓದಿದವರು ಅದಕ್ಕಿಂತಲೂ ಕಡಮೆ.

ವಂಶದ ಚರಿತ್ರೆಯನ್ನು ತಿಳಿಯಬೇಕೆಂಬ ಹಂಬಲ ನಮ್ಮ ಜನಕ್ಕೆ ಹೊಸದಲ್ಲ. ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದ ಹೆಳವರು ಒಕ್ಕಲು ಮನೆಗಳ ಹತ್ತಾರು ತಲೆಗಳನ್ನು ನಿಂತ ನಿಲುವಿನಲ್ಲಿ ಒಪ್ಪಿಸುತ್ತಿದ್ದರು. ಮೂಲಪುರುಷನು ಯಾವ ಊರಿನಿಂದ ಬಂದನು, ಅವನ ಮಕ್ಕಳು ಎಷ್ಟು ಮಂದಿ, ಅವರಲ್ಲಿ ಬೇರೆ ಸೀಮೆಗೆ ಹೋದವರು ಯಾರು, ಎಲ್ಲವೂ ಅವರ ಬಾಯಲ್ಲಿ ಅಥವಾ ಹೊತ್ತಗೆಯಲ್ಲಿ ಇರುತ್ತಿದ್ದಿತು. ಗಯೆ, ಹರಿದ್ವಾರಗಳ ಪಂಡರ ವಹಿಗಳಲ್ಲಿ ಯಾತ್ರಿಕರ ತಾತ ಮುತ್ತಾತಂದಿರ ಹೆಸರುಗಳು ದೊರೆಯುತ್ತವೆ. ದಹನವೇ ಆಚಾರವಾಗಿರುವ ಕುಲಗಳಿಗೆ ಕಲ್ಲಿನ ಸಾಕ್ಷ್ಯ ಇರುವುದಿಲ್ಲವಾದುದರಿಂದ, ಈ ಬಾಯಿಯ ಮತ್ತು ವಹಿಯ ಸಾಕ್ಷ್ಯವೇ ಅವರಿಗೆ ಗತಿ. ಹೂಳುವ ಆಚಾರವುಳ್ಳವರಾದ ಕ್ರೈಸ್ತರಿಗೆ, ಮುಸಲ್ಮಾನರಿಗೆ, ಲಿಂಗವಂತರಿಗೆ, ನೆಲದ ಮೇಲೆಯೇ ಒಂದು ಗ್ರಂಥವಿದೆ. ಆ ಗ್ರಂಥದ ಹಾಳೆಗಳು ಪ್ರತಿ ಮಳೆಗಾಲದಲ್ಲಿಯೂ ಒಂದೊಂದಾಗಿ ಅಳಿಸಿಹೋಗುತ್ತಿವೆ.

ಇಂಗ್ಲೀಷಿನವರಿಗೆ ಹೇಗೂ ಚರ್ಚಿನ ದಫ್ತರಗಳುಂಟಲ್ಲ, ಕಲ್ಲನ್ನು ಓದುವ ಕಷ್ಟವೇಕೆ ಎಂದು ಕೇಳುವವರುಂಟು. ನಿಜ, ಇಂಗ್ಲೆಂಡಿನಲ್ಲಿ ಜನನ ಮರಣಗಳ ಚರ್ಚು ದಫ್ತರ 1538ರಲ್ಲಿ ಆರಂಭವಾಯಿತು, ಸರ್ಕಾರದ ನೋಂದಣಿ 1837ರಲ್ಲಿ. ಕಂಪೆನಿಯವರು ಮದರಾಸು ಆಧಿಪತ್ಯದಿಂದ ಲಂಡನ್ನಿಗೆ ಕಳುಹಿಸಿಕೊಟ್ಟ ದಫ್ತರಗಳ ನಕಲುಗಳು 1698ರಿಂದ ಮೊದಲ್ಗೊಂಡು ಅಲ್ಲಿನ ಬ್ರಿಟಿಷ್ ಗ್ರಂಥಭಂಡಾರದಲ್ಲಿವೆ. ಆದರೆ ದಫ್ತರ ಹೇಳುವುದು ಒಂದು, ಕಲ್ಲು ಹೇಳುವುದು ಇನ್ನೊಂದು. ದಫ್ತರದಲ್ಲಿ ಸಾಮಾನ್ಯವಾಗಿ ಇರುವುದು ಹೂಳಿದ ದಿನ. ಕಲ್ಲಿನ ಮೇಲಿರುವುದು ಸತ್ತ ದಿನ. ದಫ್ತರವನ್ನು ಬರೆದವನು ಪಾದ್ರಿ. ಕಲ್ಲನ್ನು ಬರೆಯಿಸಿದವರು ಮನೆಯವರು. ಹೆಂಡತಿ ಯಾರ ಮಗಳು, ಪಕ್ಕದಲ್ಲಿ ಮಲಗಿರುವ ಮೂರು ತಿಂಗಳ ಮಗು ಯಾರದು, ಈ ಕಲ್ಲನ್ನು ನಿಲ್ಲಿಸಿದ ಅಣ್ಣನೋ ತಮ್ಮನೋ ಯಾವ ಪಟಾಲಮ್ಮಿನಲ್ಲಿದ್ದನು, ಇಂಥ ಸಂಗತಿಗಳಿಗೆ ಕಲ್ಲೇ ಪ್ರಮಾಣ. ಅಷ್ಟೇ ಅಲ್ಲದೆ ಪಾದ್ರಿಯೇ ಇಲ್ಲದ ಪಾಳೆಯದಲ್ಲಿ ಸತ್ತವರಿಗೆ ದಫ್ತರವೆಲ್ಲಿಯದು?

ಇದಕ್ಕೆ ಉದಾಹರಣೆಯಾಗಿ ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳೋಣ. ಅಲ್ಲಿಗೆ ಹೋದವರೆಲ್ಲರೂ ಗುಂಬಜನ್ನು ನೋಡುತ್ತಾರೆ, ದರಿಯಾ ದೌಲತನ್ನು ನೋಡುತ್ತಾರೆ. ಕಾವೇರಿಯ ದಡದಲ್ಲಿ, ಹೆದ್ದಾರಿಗೆ ಅಷ್ಟೇನೂ ದೂರವಲ್ಲದೆ, ದಂಡಿನವರ ಹಳೆಯ ರುದ್ರಭೂಮಿಯೊಂದಿದೆ. ಅದನ್ನು ನೋಡುವವರು ವಿರಳ. ಸುಮಾರು 300 ಗೋರಿಗಳಿವೆ. ಇವೆಲ್ಲ 1799ರ ಮೇ 4ರಂದು ಕೋಟೆಯನ್ನು ಹತ್ತುವಾಗ ಸತ್ತ ಸರದಾರರ ಗೋರಿಗಳೆಂಬ ನಂಬಿಕೆ ಊರಿನಲ್ಲಿ ಬಲವಾಗಿದೆ. ಆದರೆ ಆ ರುದ್ರಭೂಮಿ ಏರ್ಪಟ್ಟದ್ದೇ 1800ರ ಸುಮಾರಿಗೆ. ಕಲ್ಲುಗಳ ಮೇಲಿನ ತಾರೀಖುಗಳನ್ನು ಸಾಲಾಗಿ ಬರೆದುಕೊಂಡು ನೋಡಿದವನಿಗೆ, ಯುದ್ಧವು ಮುಗಿದ ಮೇಲಿನ ವರ್ಷಗಳೂ, ಹೆಂಗಸರ ಹೆಸರುಗಳೂ, ಎಳೆಯ ಮಕ್ಕಳ ವಯಸ್ಸುಗಳೂ ಎದುರಾಗುತ್ತವೆ. ಕೊಂದದ್ದು ಬಹುಮಟ್ಟಿಗೆ ಟೀಪುವಿನ ಫಿರಂಗಿಯಲ್ಲ, ಆ ದ್ವೀಪದ ಚಳಿಜ್ವರ. ಆ ಜ್ವರಕ್ಕೆ ಅಂಜಿಯೇ ಇಂಗ್ಲೀಷಿನವರು ತಮ್ಮ ದಂಡನ್ನು ಬೆಂಗಳೂರಿಗೆ ಸಾಗಿಸಿದರು. 1809ರಲ್ಲಿ ಅಲ್ಲಿ ದಂಡುಪ್ರದೇಶವು ಸ್ಥಾಪಿತವಾಯಿತು. ಹಾಗಾದರೆ ಇಂದಿನ ಬೆಂಗಳೂರಿನ ಅರ್ಧಭಾಗದ ಹುಟ್ಟಿಗೆ ಕಾರಣವೇನೆಂದು ಕೇಳಿದವರಿಗೆ, ಕಾವೇರಿಯ ದಡದ ಈ ಗೋರಿಗಳನ್ನು ತೋರಿಸಿದರೆ ತಪ್ಪಾಗಲಾರದು. ಒಂದೊಂದೇ ಕಲ್ಲನ್ನು ಓದಿದರೆ ಇದು ತೋರುವುದಿಲ್ಲ. ಎಲ್ಲ ಕಲ್ಲುಗಳನ್ನೂ ಪಟ್ಟಿಮಾಡಿದಾಗ ಮಾತ್ರ ತೋರುತ್ತದೆ.

ಅಲ್ಲಿರುವವರೆಲ್ಲ ಇಂಗ್ಲೀಷರೂ ಅಲ್ಲ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಸೀಮೆಯವನಾದ ಚಾರ್ಲ್ಸ್ ಡೇನಿಯಲ್ ಡಿ ಮ್ಯೂರಾನ್ ಎಂಬಾತನು 1781ರಲ್ಲಿ ಡಚ್ಚರ ಕಂಪೆನಿಗಾಗಿ ಕಟ್ಟಿದ ಬಾಡಿಗೆಯ ಪಟಾಲಮ್ಮೊಂದಿತ್ತು. ಸಿಂಹಳದಲ್ಲಿದ್ದ ಆ ಪಟಾಲಮ್ಮು 1795ರಲ್ಲಿ ಇಂಗ್ಲೀಷರ ಕಡೆಗೆ ಸೇರಿ, ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದಿತು. ಮುಂದೆ 1813ರಲ್ಲಿ ಕೆನಡಾ ದೇಶಕ್ಕೆ ಹೋಗಿ, 1816ರಲ್ಲಿ ವಿಸರ್ಜನೆಯಾಯಿತು. ಅದರ ಸಿಪಾಯಿಗಳಲ್ಲಿ ಕೆಲವರು ಅಲ್ಲಿನ ರೆಡ್ ನದಿಯ ತೀರದಲ್ಲಿ ನೆಲೆಸಿದರು. ಆಲ್ಪ್ಸ್ ಬೆಟ್ಟದ ತಪ್ಪಲಿನವರ ಗೋರಿಗಳು ಕಾವೇರಿಯಲ್ಲಿ, ಒಕ್ಕಲುಮನೆಗಳು ರೆಡ್ ನದಿಯಲ್ಲಿ! ಅಂಥ ಮನೆತನದವನೊಬ್ಬನು ತನ್ನ ಪೂರ್ವಿಕರನ್ನು ಹುಡುಕಬೇಕಾದರೆ ಮೂರು ಖಂಡಗಳನ್ನು ತಿರುಗಬೇಕು. ಅವನಿಗೆ ನಾವು ಕೊಡಬಲ್ಲ ಸಹಾಯ, ಕಲ್ಲಿನಲ್ಲಿರುವುದನ್ನು ಇದ್ದಂತೆ ಬರೆದಿಡುವುದು. ಈ ಶತಮಾನದಲ್ಲಿ ಆ ರುದ್ರಭೂಮಿಯ ಜೀರ್ಣೋದ್ಧಾರಕ್ಕೆ ಆ ಸ್ಥಾಪಕನ ವಂಶಸ್ಥರೇ ಮುಂದೆ ಬಂದುದು ಇಲ್ಲಿ ಸ್ಮರಣೀಯ.

ಕಲ್ಲು ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ಮಾತ್ರ ನಂಬತಕ್ಕದ್ದಲ್ಲ. ಗುಂಬಜಿಗೆ ಸಮೀಪದಲ್ಲಿ ಕರ್ನಲ್ ವಿಲಿಯಂ ಬೇಯ್ಲಿಯ ಸ್ಮಾರಕವಿದೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿದ ಆತನು 1782ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಸತ್ತನು. ಸ್ಮಾರಕವನ್ನು ಕಟ್ಟಿಸಿದವನು, ಲಖನೌದಲ್ಲಿ ರೆಸಿಡೆಂಟನಾಗಿದ್ದ ಆತನ ಸೋದರನ ಕಡೆಯ ಮಗ ಜಾನ್ ಬೇಯ್ಲಿ, ಕಟ್ಟಿಸಿದ್ದು 1816ರಲ್ಲಿ. ಸಾವಿಗೂ ಕಲ್ಲಿಗೂ ನಡುವೆ ಮೂವತ್ತನಾಲ್ಕು ವರ್ಷಗಳ ಅಂತರ! ವಂಶಚರಿತ್ರೆಯವನಿಗೆ ಈ ಕಲ್ಲು ಎರಡು ತಲೆಮಾರುಗಳನ್ನು ಕೂಡಿಸುವ ಕೊಂಡಿ. ಆದರೆ ಸ್ಮಾರಕವಿದ್ದಲ್ಲೆಲ್ಲ ಕೆಳಗೆ ದೇಹವಿದೆಯೆಂದು ಊಹಿಸುವವನಿಗೆ ಒಂದು ಎಚ್ಚರಿಕೆ.

ಗುಂಬಜಿನ ಕಥೆ ಇನ್ನೂ ಸ್ವಾರಸ್ಯವಾದುದು. ಪಾರಸೀ ಭಾಷೆಯ ಗೋರಿಲೇಖಗಳಲ್ಲಿ ವರ್ಷವನ್ನು ಅಂಕೆಯಿಂದ ಹೇಳುವುದಕ್ಕೆ ಬದಲಾಗಿ ಅಕ್ಷರಗಳಲ್ಲಿ ಅಡಗಿಸುವ ಪದ್ಧತಿಯುಂಟು. ನಮ್ಮ ಕಟಪಯಾದಿ ಸಂಖ್ಯೆಯ ದಾಯಾದಿಯೆಂದು ಹೇಳಬಹುದು. ಹೈದರನ ವಿಷಯದಲ್ಲಿ ಅವನ ಹೆಸರೇ ಕಾಲಸೂಚಕವಾಗಿದೆ. ಹೈದರ್ ಎಂಬುದರ ಅಕ್ಷರಗಳ ಮೊತ್ತ 222, ಅಲಿ 110, ಖಾನ್ 651, ಬಹಾದುರ್ 212, ಒಟ್ಟು 1195. ಹೈದರನು ಕಾಲವಾದದ್ದು ಕ್ರಿಸ್ತಶಕ 1782ರ ಡಿಸೆಂಬರಿನಲ್ಲಿ. ಹಿಜರಿ 1195 ಮುಗಿದದ್ದಾದರೋ 1781ರ ಡಿಸೆಂಬರಿನಲ್ಲಿ. ಕವಿಯು ಹೆಸರಿನ ಸೊಗಸಿಗೆ ಮನಸೋತು ಒಂದು ವರ್ಷವನ್ನು ಕೈಬಿಟ್ಟನೆಂದೇ ನಮ್ಮ ಅಭಿಪ್ರಾಯ. ಚಾಂದ್ರಮಾನದ ಹಿಜರಿ ವರ್ಷವು ನಮ್ಮ ರೂಢಿಯ ವರ್ಷಕ್ಕಿಂತ ಸುಮಾರು ಹನ್ನೊಂದು ದಿನ ಚಿಕ್ಕದು. ಮೂವತ್ತೆರಡು ಮೂವತ್ತಮೂರು ವರ್ಷಗಳಿಗೆ ಒಂದು ವರ್ಷದ ವ್ಯತ್ಯಾಸ ಬೀಳುತ್ತದೆ. ಆದಕಾರಣ ಮುಸಲ್ಮಾನರ ಗೋರಿಯನ್ನು ಓದುವವನು ತಿಂಗಳನ್ನೂ ಬರೆದುಕೊಳ್ಳದೆ ಬರಿಯ ವರ್ಷವನ್ನು ಮಾರ್ಪಡಿಸಿದರೆ ಎಡವುವುದು ಖಂಡಿತ. ಲೇಖವೇ ಇಲ್ಲದ ಗೋರಿಗಳೂ ಮೂಕವಲ್ಲ: ಮೊಗಲರ ಕಾಲದಿಂದ ಬಂದ ರೂಢಿಯಂತೆ ಅನೇಕ ಕಡೆ ಗಂಡಸಿನ ಗೋರಿಯ ಮೇಲೆ ಕಲಮುದಾನದಂತೆ ಉಬ್ಬುಗಲ್ಲು, ಹೆಂಗಸಿನದರ ಮೇಲೆ ಬರೆಯುವ ಹಲಗೆಯಂತೆ ಚಪ್ಪಟೆಗಲ್ಲು ಇರುತ್ತದೆ.

ಇಂಗ್ಲೀಷು ಕಲ್ಲುಗಳಲ್ಲಿಯೂ ಓದುಗನನ್ನು ದಾರಿತಪ್ಪಿಸುವ ಮಾತುಗಳುಂಟು. ‘ರೆಲಿಕ್ಟ್’ ಎಂದರೆ ವಿಧವೆ. ಅವಳಿಗಿಂತ ಮೊದಲೇ ಗಂಡನು ಸತ್ತಿದ್ದನೆಂದು ಆ ಒಂದು ಮಾತಿನಿಂದಲೇ ಗೊತ್ತಾಗುತ್ತದೆ. ‘ಎನ್. ಐ.’ ಎಂದರೆ ದೇಶೀಯರ ಕಾಲ್ದಳ. ಅಲ್ಲಿ ಮಲಗಿರುವವನು ದೇಶೀಯನೆಂದಲ್ಲ, ಅದರ ಬಿಳಿಯ ಸರದಾರನೆಂದರ್ಥ.

ಕಲ್ಲನ್ನು ನಕಲು ಮಾಡುವ ಕ್ರಮದಲ್ಲಿ ನಮ್ಮ ಶಾಸನಶೋಧಕರಿಗಿಂತ ಒಳ್ಳೆಯ ಗುರುಗಳಿಲ್ಲ. ಸಾಲು ಸಾಲಾಗಿ, ಕಲ್ಲಿನಲ್ಲಿದ್ದಂತೆಯೇ, ಕಾಗುಣಿತದ ತಪ್ಪನ್ನೂ ತಿದ್ದದೆ ಬರೆಯಬೇಕು. ಅಳಿಸಿಹೋದ ಅಕ್ಷರಗಳ ಜಾಗದಲ್ಲಿ ಚುಕ್ಕೆಯಿಡಬೇಕೇ ಹೊರತು ಊಹೆಯನ್ನು ತುಂಬಬಾರದು. ಸ್ವಿಸ್ ಸೋಜರನ ಹೆಸರನ್ನು ನಮ್ಮ ಕಲ್ಲುಕುಟಿಗನು ಇಂಗ್ಲೀಷು ಗುಮಾಸ್ತೆಯ ಬಾಯಿಂದ ಕೇಳಿ ಕೆತ್ತಿದಾಗ ಅದು ಏನಾಗಿರಬಹುದೆಂದು ಯೋಚಿಸಿ ನೋಡಿ. ಅದನ್ನು ‘ಸರಿಪಡಿಸಲು’ ಹೊರಟವನು ಇದ್ದ ಒಂದು ಸುಳಿವನ್ನೂ ಕಳೆಯುತ್ತಾನೆ. ಗೋರಿಗಳ ನಕ್ಷೆಯನ್ನೂ ಬರೆಯಬೇಕು: ಯಾರ ಪಕ್ಕದಲ್ಲಿ ಯಾರು ಎಂಬುದೇ ಎಷ್ಟೋ ಸಲ ನಂಟಿನ ಏಕೈಕ ಸಾಕ್ಷಿ. ಪಾಚಿಯನ್ನು ತೆಗೆಯಲು ನೀರೂ ಮೆತ್ತನೆಯ ಬ್ರಷ್ಷೂ ಸಾಕು. ತಂತಿಯ ಬ್ರಷ್ಷು, ಆಮ್ಲ, ಸಾಬೂನು ಇವು ಕಲ್ಲಿಗೆ ಶತ್ರುಗಳು. ಅಕ್ಷರ ಮಾಸಿದ್ದರೆ ಸುಣ್ಣವನ್ನೋ ಹಿಟ್ಟನ್ನೋ ಬಳಿಯುವ ಬದಲು ಕನ್ನಡಿಯನ್ನು ಹಿಡಿದು ಬಿಸಿಲನ್ನು ಓರೆಯಾಗಿ ಬೀರಬೇಕು. ನಡುಹಗಲಿನಲ್ಲಿ ಕಾಣದ ಅಕ್ಷರವು ಆ ಓರೆಬೆಳಕಿನಲ್ಲಿ ನೆರಳುಗಟ್ಟಿ ಎದ್ದುನಿಲ್ಲುತ್ತದೆ. ಛಾಯಾಯಂತ್ರವು ಎಲ್ಲರ ಕೈಗೂ ಬಂದಿರುವ ಈ ಕಾಲದಲ್ಲಿ ಪಡಿಯಚ್ಚಿನ ಕಷ್ಟವೂ ತಪ್ಪಿದೆ. ಆದರೆ ಚಿತ್ರವನ್ನು ತೆಗೆದವನು ಕಲ್ಲಿನ ಮುಂದೆಯೇ ನಿಂತು ಓದಿಯೂ ಬರೆದುಕೊಳ್ಳದಿದ್ದರೆ, ಮನೆಗೆ ಬಂದಮೇಲೆ ಆ ಚಿತ್ರದಲ್ಲಿ ಏಳು ಯಾವುದು ಒಂದು ಯಾವುದು ಎಂದು ತಡಕಾಡಬೇಕಾಗುತ್ತದೆ.

ಈ ಕೆಲಸವನ್ನು ಮಾಡಿದವರಿಲ್ಲದೆ ಇಲ್ಲ. ಸಿವಿಲ್ ಸರ್ವಿಸಿನ ಜೂಲಿಯನ್ ಜೇಮ್ಸ್ ಕಾಟನ್ನರು ಮದರಾಸು ಆಧಿಪತ್ಯದ ಗೋರಿಲೇಖಗಳ ದೊಡ್ಡ ಪಟ್ಟಿಯನ್ನು 1905ರಲ್ಲಿ ಪ್ರಕಟಿಸಿದರು. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ನರು ಇಂಗ್ಲೆಂಡಿನಲ್ಲಿ ದಕ್ಷಿಣ ಏಷ್ಯದ ಸ್ಮಶಾನಗಳಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿದರು. ಅದರ ಪತ್ರಿಕೆಯ ಹೆಸರು ‘ಚೌಕಿದಾರ್’. ಇನ್ನೂ ಹಿಂದಕ್ಕೆ ಹೋದರೆ ಸ್ಕಾಟ್ಲೆಂಡಿನ ರಾಬರ್ಟ್ ಪ್ಯಾಟರ್ಸನ್ ಎಂಬ ಕಲ್ಲುಕುಟಿಗನಿದ್ದಾನೆ. ಧರ್ಮಕ್ಕಾಗಿ ಮಡಿದವರ ಗೋರಿಗಳನ್ನು ಹುಡುಕುತ್ತ ಊರೂರು ತಿರುಗಿ, ಮಾಸಿದ ಅಕ್ಷರಗಳನ್ನು ಮತ್ತೆ ಕೆತ್ತುವುದರಲ್ಲಿಯೇ ಅವನು ಆಯುಷ್ಯವನ್ನು ಕಳೆದನು, 1801ರಲ್ಲಿ ತೀರಿಕೊಂಡನು. ವಾಲ್ಟರ್ ಸ್ಕಾಟನು 1816ರಲ್ಲಿ ಬರೆದ ‘ಓಲ್ಡ್ ಮಾರ್ಟಾಲಿಟಿ’ ಕಾದಂಬರಿಗೆ ಹೆಸರು ಬಂದದ್ದು ಈತನಿಂದ.

ನಮ್ಮನ್ನು ಆಳಿದವರ ಗೋರಿಗಳು ನಮಗೇಕೆಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 1791ರಲ್ಲಿ ಬೆಂಗಳೂರಿನ ಮುತ್ತಿಗೆಯಲ್ಲಿ ಮಡಿದ ಇಂಗ್ಲೀಷರ ಸ್ಮಾರಕಸ್ತಂಭವನ್ನು 1964ರಲ್ಲಿ ಕೆಡವಿದಾಗ ಜನರಲ್ಲಿದ್ದುದು ಇದೇ ಭಾವನೆ. ಅದನ್ನು ಉಳಿಸಬೇಕಾಗಿತ್ತೇ ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಊರ ನಡುವೆ ಎತ್ತರವಾಗಿ ನಿಂತಿದ್ದುದರಿಂದ ಅದರ ಚಿತ್ರಗಳಾದರೂ ಉಳಿದಿವೆ. ಮೂಲೆಯ ಗೋರಿಗೆ ಆ ಭಾಗ್ಯವಿಲ್ಲ. ಒಬ್ಬನ ಹೆಸರನ್ನು ಬರೆದುಕೊಳ್ಳುವುದು ಅವನನ್ನು ಹೊಗಳಿದಂತಲ್ಲ. ಮೇಲಾಗಿ, ಈ ಪಟ್ಟಿಗಳಲ್ಲಿ ಯಾರಿಲ್ಲವೆಂಬುದು ತಿಳಿಯಬೇಕಾದರೂ ಪಟ್ಟಿಯೇ ಬೇಕು. 1907ರಲ್ಲಿ ಮೈಸೂರು ಸರ್ಕಾರವು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದ ಸ್ತಂಭವು 1799ರಲ್ಲಿ ಮಡಿದ ಸರದಾರರ ನೆನಪಿಗಾಗಿ. ಅದೇ ಕೋಟೆಯ ಒಳಗೂ ಹೊರಗೂ, ಎರಡು ಪಕ್ಷಗಳಲ್ಲಿಯೂ ನಿಂತು ಸತ್ತ ನಮ್ಮ ಸಿಪಾಯಿಗಳಿಗೆ ಬೇಗೂರಿನ ವೀರನಿಗೆ ದೊರೆತಷ್ಟು ಕಲ್ಲೂ ದೊರೆಯಲಿಲ್ಲ. ಅವರ ಮನೆತನದವರು ಇಂದು ಕೇಳಬೇಕಾದದ್ದು ಹೆಳವರನ್ನೇ.

ಆರಂಭಿಸುವವರು ಪುಷ್ಯ ಮಾಘಗಳಲ್ಲಿ ಆರಂಭಿಸಬೇಕು. ಆಗ ಹುಲ್ಲು ಒಣಗಿರುತ್ತದೆ, ಬೆಳಗಿನ ಬಿಸಿಲು ಓರೆಯಾಗಿರುತ್ತದೆ. ಕಾವಲುಗಾರನ ಅನುಮತಿಯನ್ನೂ, ಮಸೀದಿ ಅಥವಾ ಚರ್ಚಿನ ಹಿರಿಯರ ಅನುಮತಿಯನ್ನೂ ಮೊದಲು ಪಡೆಯಬೇಕು. ದೊಡ್ಡ ಗೋಪುರದ ಗೋರಿಗಳನ್ನು ಕಡೆಗೆ ಇಟ್ಟುಕೊಳ್ಳಬಹುದು. ಅವು ಇನ್ನೂ ನೂರು ವರ್ಷ ನಿಲ್ಲುತ್ತವೆ. ಇಟ್ಟಿಗೆ ಗಾರೆಯ ಪುಟ್ಟ ಗೋರಿಗಳು, ಬಹುಮಟ್ಟಿಗೆ ಮಕ್ಕಳವು, ಮೊದಲು ಕುಸಿಯುತ್ತವೆ. ಅವುಗಳಲ್ಲಿ ಹುದುಗಿಸಿದ ಚಿಕ್ಕ ಕಲ್ಲುಹಲಗೆಯನ್ನು ಯಾರಾದರೂ ಎತ್ತಿಕೊಂಡು ಹೋಗುವುದಕ್ಕೆ ಒಂದು ಸಂಜೆ ಸಾಕು. ಅವುಗಳಿಂದಲೇ ಮೊದಲಾಗಲಿ. ಬರೆದ ಪಟ್ಟಿಯ ಒಂದು ಪ್ರತಿ ಆ ಚರ್ಚಿನಲ್ಲಿಯೋ ಮಸೀದಿಯಲ್ಲಿಯೋ ಇರಲಿ, ಇನ್ನೊಂದು ಊರಿನ ಪುಸ್ತಕಭಂಡಾರದಲ್ಲಿರಲಿ.