ಅಲಾಸ್ಕಾ ಹಡಗುಯಾನ: ಅಗ್ಗದ ಟಿಕೆಟ್ ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಏಳು ರಾತ್ರಿಗಳ ಯಾನ, ಊಟ-ವಸತಿ ಸೇರಿ ಕೆಲವೇ ನೂರು ಡಾಲರ್. ಅಲಾಸ್ಕಾ ಹಡಗುಯಾನದ ಇಂತಹ ಜಾಹೀರಾತುಗಳು ಅಮೆರಿಕದಲ್ಲಿರುವ ಕನ್ನಡಿಗರಿಗೆ ಹೊಸತಲ್ಲ. ಸಿಯಾಟಲ್‌ನಂತಹ ನಗರಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಬೇಸಿಗೆಯಲ್ಲಿ ಬಂದ ತಂದೆ-ತಾಯಿಯರನ್ನು ಹಿಮದ ನಾಡಿಗೆ ಕರೆದೊಯ್ಯುವುದು ಈಗ ಸಾಮಾನ್ಯವಾಗಿದೆ. ಹೆಚ್ಚು ನಡೆಯಬೇಕಿಲ್ಲ, ದಿನವೂ ಪೆಟ್ಟಿಗೆ ಕಟ್ಟಬೇಕಿಲ್ಲ, ಹೋಟೆಲ್ ಹುಡುಕಬೇಕಿಲ್ಲ ಎಂಬ ಕಾರಣಕ್ಕೆ ಹಿರಿಯರಿಗೆ ಇದು ಒಗ್ಗುವ ಪ್ರವಾಸವೂ ಹೌದು. ಆದರೆ ಜಾಹೀರಾತಿನ ದರಕ್ಕೂ ಕೊನೆಗೆ ಕೈಬಿಡುವ ಹಣಕ್ಕೂ ಬಹಳ ಅಂತರವಿದೆ. ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲು ಹೋದರೆ ಪ್ರವಾಸವೇ ಕೈತಪ್ಪಬಹುದು ಎಂಬುದನ್ನು ಮೊದಲೇ ಅರಿಯುವುದು ಒಳಿತು.

ಅಲಾಸ್ಕಾದ ಆಗ್ನೇಯ ಕರಾವಳಿ ಸಾವಿರಕ್ಕೂ ಹೆಚ್ಚು ದ್ವೀಪಗಳ ಸಮೂಹ. ಈ ದ್ವೀಪಗಳ ನಡುವೆ ಹಾದುಹೋಗುವ ಜಲಮಾರ್ಗಕ್ಕೆ ‘ಇನ್‌ಸೈಡ್ ಪ್ಯಾಸೇಜ್’ ಎಂದು ಹೆಸರು. ಬಹುತೇಕ ಹಡಗುಗಳು ಈ ಮಾರ್ಗದಲ್ಲಿ ಕೆಚಿಕನ್, ಜೂನೋ, ಸ್ಕ್ಯಾಗ್ವೇ ಮುಂತಾದ ಬಂದರುಗಳನ್ನು ಮುಟ್ಟಿ, ಒಂದು ದಿನವನ್ನು ಯಾವುದಾದರೂ ಹಿಮನದಿಯ ಎದುರು ಕಳೆದು ಹಿಂತಿರುಗುತ್ತವೆ.

ಎರಡು ವೀಸಾಗಳ ಲೆಕ್ಕ

ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಸಿಯಾಟಲ್ ಅಮೆರಿಕದಲ್ಲಿದೆ, ಅಲಾಸ್ಕಾ ಅಮೆರಿಕದ ರಾಜ್ಯ. ಆದ್ದರಿಂದ ಅಮೆರಿಕದ ವೀಸಾ ಒಂದಿದ್ದರೆ ಸಾಕು ಎಂದು ಭಾವಿಸುವುದು ಸಹಜ. ಅದು ಸಾಲದು. 1886ರಲ್ಲಿ ಜಾರಿಗೆ ಬಂದ ಅಮೆರಿಕದ ಕಾಯ್ದೆಯೊಂದರ ಪ್ರಕಾರ ವಿದೇಶಿ ನೋಂದಣಿಯ ಹಡಗು ಅಮೆರಿಕದ ಬಂದರುಗಳ ನಡುವೆಯಷ್ಟೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕು. ದೊಡ್ಡ ವಿಹಾರ ಹಡಗುಗಳು ಬಹುಮಟ್ಟಿಗೆ ಬಹಾಮಾಸ್, ಪನಾಮಾದಂತಹ ದೇಶಗಳಲ್ಲಿ ನೋಂದಣಿಯಾದವು. ಹೀಗಾಗಿಯೇ ಸಿಯಾಟಲ್‌ನಿಂದ ಹೊರಟ ಹಡಗು ಸಾಮಾನ್ಯವಾಗಿ ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಸೋಂಕಿನ ಕಾರಣ 2021ರಲ್ಲಿ ಕೆನಡಾ ತನ್ನ ಬಂದರುಗಳನ್ನು ಮುಚ್ಚಿದಾಗ ಅಲಾಸ್ಕಾ ಯಾನವೇ ನಿಂತುಹೋಗುವ ಸ್ಥಿತಿ ಬಂದು, ಅಮೆರಿಕದ ಸಂಸತ್ತು ತಾತ್ಕಾಲಿಕ ವಿನಾಯಿತಿಯ ಕಾಯ್ದೆ ತರಬೇಕಾಯಿತು.

ನೀವು ವಿಕ್ಟೋರಿಯಾದಲ್ಲಿ ಕೆಳಗಿಳಿಯದೆ ಹಡಗಿನಲ್ಲೇ ಉಳಿಯುತ್ತೀರೆಂದರೂ ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಕೆನಡಾದ ವೀಸಾ ಬೇಕು. ಇಲ್ಲದಿದ್ದರೆ ಸಿಯಾಟಲ್‌ನ ಬಂದರಿನಲ್ಲೇ ಹಡಗು ಹತ್ತಲು ಬಿಡುವುದಿಲ್ಲ. ಕಟ್ಟಿದ ಹಣವೂ ಮರಳುವುದಿಲ್ಲ. ಎಚ್-1ಬಿ ವೀಸಾದಲ್ಲಿರುವ ಮಕ್ಕಳಿಗೂ ಇದೇ ನಿಯಮ. ಗ್ರೀನ್ ಕಾರ್ಡ್ ಹೊಂದಿದವರಿಗೆ ಮಾತ್ರ ವಿನಾಯಿತಿಯಿದೆ. ಕೆನಡಾ ಪ್ರವಾಸಿ ವೀಸಾದ ಶುಲ್ಕ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆ ಮತ್ತೆ 85 ಡಾಲರ್. ತಂದೆ-ತಾಯಿ ಇಬ್ಬರದೂ ಸೇರಿದರೆ ಚಿಕ್ಕ ಮೊತ್ತವೇನಲ್ಲ; ಟಿಕೆಟ್ ದರದ ಪಕ್ಕದಲ್ಲೇ ಇದನ್ನೂ ಬರೆದುಕೊಳ್ಳಬೇಕು. ಅರ್ಜಿಯನ್ನು ಊರಿನಿಂದ ಹೊರಡುವ ಮೊದಲೇ, ಅಮೆರಿಕದ ವೀಸಾ ಕೈಸೇರಿದ ಕೂಡಲೇ ಸಲ್ಲಿಸುವುದು ಸೂಕ್ತ. ಟಿಕೆಟ್ ಕೊಂಡು ವೀಸಾಕ್ಕೆ ಕಾಯುವುದಕ್ಕಿಂತ ವೀಸಾ ಪಡೆದು ಟಿಕೆಟ್ ಕೊಳ್ಳುವುದೇ ಜಾಣತನ.

ಯಾವ ತಿಂಗಳು?

ಅಲಾಸ್ಕಾದ ಯಾನ ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಶಾಲೆಗಳಿಗೆ ರಜೆಯಿರುವ ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ದರ ಏರಿರುತ್ತದೆ. ಮೇ ಮತ್ತು ಸೆಪ್ಟೆಂಬರ್ ಅಗ್ಗ. ಇವೆರಡರಲ್ಲಿ ಒಂದನ್ನು ಆರಿಸಬೇಕೆಂದರೆ ಮೇ ತಿಂಗಳೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಆ ಕರಾವಳಿಯಲ್ಲಿ ವಸಂತ ಋತು ತಕ್ಕಮಟ್ಟಿಗೆ ಒಣ ಹವೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಅತಿ ಹೆಚ್ಚು ಮಳೆ ಸುರಿಯುವ ತಿಂಗಳುಗಳು. ಕೆಚಿಕನ್‌ನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಆಗುಂಬೆಯ ಹೆಚ್ಚುಕಡಿಮೆ ಅರ್ಧ ಎಂದರೆ ಅದರ ಅಂದಾಜು ಸಿಕ್ಕೀತು. ಮೇ ತಿಂಗಳಲ್ಲಿ ಬೆಟ್ಟಗಳ ಮೇಲೆ ಹಿಮವೂ ಹೆಚ್ಚು ಉಳಿದಿರುತ್ತದೆ. ಆದರೆ ನದಿಗಳಿಗೆ ಏರಿಬರುವ ಸಾಲ್ಮನ್ ಮೀನುಗಳನ್ನೂ ಅವನ್ನು ಹಿಡಿಯಲು ಬರುವ ಕರಡಿಗಳನ್ನೂ ನೋಡಬೇಕೆಂದರೆ ಜುಲೈ ನಂತರವೇ ಹೋಗಬೇಕು, ಅದಕ್ಕೆ ತಕ್ಕ ಬೆಲೆ ತೆರಬೇಕು.

ಜಾಹೀರಾತಿನಲ್ಲಿ ಇಲ್ಲದ ಖರ್ಚು

ನಮೂದಿಸಿದ ದರ ಒಬ್ಬರಿಗೆ, ಅದೂ ಕೋಣೆಯಲ್ಲಿ ಇಬ್ಬರಿದ್ದರೆ. ಒಬ್ಬರೇ ಹೋದರೆ ಬಹಳಷ್ಟು ಸಲ ಇಬ್ಬರ ದರವನ್ನೇ ಕಟ್ಟಬೇಕಾಗುತ್ತದೆ. ಬಂದರು ಶುಲ್ಕ, ತೆರಿಗೆಗಳು ಬೇರೆ. ಅದರಲ್ಲಿ ಅಲಾಸ್ಕಾ ರಾಜ್ಯ ವಿಧಿಸುವ ತಲೆಗಂದಾಯವೇ 34.50 ಡಾಲರ್. ಕ್ಯಾಲಿಫೋರ್ನಿಯಾದ ಕಾಯ್ದೆಯೊಂದರ ಪರಿಣಾಮವಾಗಿ 2024ರ ಜುಲೈನಿಂದ ಪ್ರಮುಖ ಹಡಗು ಕಂಪನಿಗಳು ಅಮೆರಿಕದಲ್ಲಿ ತೆರಿಗೆ ಸೇರಿಸಿಯೇ ದರ ತೋರಿಸತೊಡಗಿವೆ. ಭಾರತದ ಏಜೆಂಟರಿಂದ ಕೊಳ್ಳುವವರು ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು. ಭಾರತದಿಂದಲೇ ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ತೆರಿಗೆ ವಸೂಲಾಗುತ್ತದೆ (ಟಿಸಿಎಸ್). ಅದನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದಾದರೂ ಕೈಯಿಂದ ಮೊದಲೇ ಹೋಗುವ ಹಣವಂತೂ ಹೌದು.

ಇನ್ನು ಟಿಪ್ಸ್. ಇದು ಐಚ್ಛಿಕವೆಂಬ ಹೆಸರಿದ್ದರೂ ಬಿಲ್ಲಿಗೆ ತಾನಾಗಿಯೇ ಸೇರುತ್ತದೆ. ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಎಂದರೂ ಇಬ್ಬರಿಗೆ ಏಳು ರಾತ್ರಿಗೆ 224ರಿಂದ 280 ಡಾಲರ್ ಆಯಿತು. ಇಂಟರ್‌ನೆಟ್, ಮದ್ಯ, ವಿಶೇಷ ಊಟದ ಮನೆಗಳಿಗೆ ಪ್ರತ್ಯೇಕ ಹಣ. ಹಡಗಿನಲ್ಲಿರುವಾಗ ಮೊಬೈಲ್ ಫೋನನ್ನು ಏರ್‌ಪ್ಲೇನ್ ಮೋಡ್‌ನಲ್ಲಿಡದಿದ್ದರೆ ಸಮುದ್ರದ ರೋಮಿಂಗ್ ಜಾಲಕ್ಕೆ ಸಿಲುಕಿ ಬಿಲ್ ಏರುತ್ತದೆ.

ಕೋಣೆಗಿಂತ ಹಾದಿ ಮುಖ್ಯ

ಕಿಟಕಿಯಿಲ್ಲದ ಒಳಕೋಣೆ, ಕಿಟಕಿಯಿರುವ ಕೋಣೆ, ಬಾಲ್ಕನಿ ಕೋಣೆ ಎಂಬ ಶ್ರೇಣಿಯಲ್ಲಿ ದರ ಏರುತ್ತ ಹೋಗುತ್ತದೆ. ಬಾಲ್ಕನಿ ಇಲ್ಲದೆ ಅಲಾಸ್ಕಾ ನೋಡುವುದು ವ್ಯರ್ಥ ಎಂದು ಏಜೆಂಟರು ಹೇಳುವುದುಂಟು. ಇದನ್ನು ಒಪ್ಪಬೇಕಾಗಿಲ್ಲ. ಬಾಲ್ಕನಿಯಿಂದ ಹಡಗಿನ ಒಂದೇ ಮಗ್ಗುಲು ಕಾಣುತ್ತದೆ. ತಿಮಿಂಗಿಲ ಇನ್ನೊಂದು ಮಗ್ಗುಲಿನಲ್ಲಿ ಬಾಲ ಎತ್ತಿದರೆ ಅದರಿಂದ ಪ್ರಯೋಜನವಿಲ್ಲ. ಎಲ್ಲರಿಗೂ ತೆರೆದಿರುವ ಮೇಲಿನ ಡೆಕ್‌ನಿಂದ ಎರಡೂ ಕಡೆ ನೋಡಬಹುದು. ಒಳಕೋಣೆಯಿಂದ ಉಳಿದ ಹಣದಲ್ಲಿ ಒಂದು ಒಳ್ಳೆಯ ದುರ್ಬೀನು ಕೊಂಡರೆ ಅದು ಮುಂದೆಯೂ ಬಳಕೆಗೆ ಬರುತ್ತದೆ. ಮೊಣಕಾಲು ನೋವಿರುವವರು, ಚಳಿಯಲ್ಲಿ ಹೊರಗೆ ನಿಲ್ಲಲಾಗದವರು ಮಾತ್ರ ಬಾಲ್ಕನಿಗೆ ಹಣ ಹಾಕಿದರೆ ಸಾರ್ಥಕ.

ಹಣ ಹಾಕಬೇಕಾದದ್ದು ಹಾದಿಗೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನವೊಂದಕ್ಕೆ ಎರಡು ದೊಡ್ಡ ಹಡಗುಗಳಿಗಷ್ಟೇ ಪ್ರವೇಶ. ಉದ್ಯಾನದ ರೇಂಜರ್‌ಗಳು ಹಡಗಿಗೇ ಬಂದು ವಿವರಣೆ ನೀಡುತ್ತಾರೆ. ಇದಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ. 1794ರಲ್ಲಿ ವ್ಯಾಂಕೂವರ್‌ನ ನೌಕಾತಂಡ ಇಲ್ಲಿಗೆ ಬಂದಾಗ ಈ ಕೊಲ್ಲಿ ಬಹುತೇಕ ಮಂಜುಗಡ್ಡೆಯಿಂದ ತುಂಬಿತ್ತು. 1916ರ ಹೊತ್ತಿಗೆ ಹಿಮ ಸುಮಾರು 100 ಕಿ.ಮೀ. ಹಿಂದೆ ಸರಿದಿತ್ತು. ಹಡಗು ಇಂದು ಇಡೀ ಬೆಳಗ್ಗೆ ಸಾಗುವ ನೀರಿನ ಹಾದಿ ಹೀಗೆ ತೆರೆದುಕೊಂಡದ್ದು. ಅನುಮತಿ ಸೀಮಿತವಾದ್ದರಿಂದ ಎಲ್ಲ ಕಂಪನಿಗಳ ಎಲ್ಲ ಯಾನಗಳೂ ಇಲ್ಲಿಗೆ ಹೋಗುವುದಿಲ್ಲ. ಕೆಲವು ಹಡಗುಗಳು ಹಬಾರ್ಡ್ ಹಿಮನದಿಗೂ ಕೆಲವು ಜೂನೋ ಬಳಿಯ ಕಿರಿದಾದ ಕಡಲಕೊಲ್ಲಿಗಳಿಗೂ ಹೋಗುತ್ತವೆ. ಅವುಗಳಲ್ಲೊಂದಾದ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಭಾರಿ ಭೂಕುಸಿತವಾಗಿ ದೈತ್ಯ ಅಲೆಗಳೆದ್ದ ಬಳಿಕ ಹಲವು ಕಂಪನಿಗಳು ಪಕ್ಕದ ಎಂಡಿಕಾಟ್ ಆರ್ಮ್‌ಗೆ ಮಾರ್ಗ ಬದಲಿಸಿವೆ. ಕರಪತ್ರದಲ್ಲಿ ಬರಿದೇ ‘ಹಿಮನದಿ ದರ್ಶನ’ ಎಂದಿದ್ದರೆ ಯಾವ ಹಿಮನದಿ ಎಂದು ಕೇಳಿ ತಿಳಿಯಬೇಕು.

ಹೊರಡುವ ಬಂದರೂ ಗಮನಾರ್ಹ. ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುತ್ತವೆ. ಅಲ್ಲಿ ಅಲೆಗಳ ಹೊಯ್ದಾಟ ಹೆಚ್ಚು. ವ್ಯಾಂಕೂವರ್‌ನಿಂದ ಹೊರಟವು ದ್ವೀಪಗಳ ಮರೆಯಲ್ಲಿ ಹೋಗುತ್ತವೆ. ಹೊಟ್ಟೆ ತೊಳಸುವ ತೊಂದರೆಯಿದ್ದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ದಡದ ಮೇಲೆ

ಜನ ಹೆಚ್ಚು ಹಣ ಕಳೆಯುವುದು ಹಡಗಿನವರು ಮಾರುವ ದಿನದ ಪ್ರವಾಸಗಳಲ್ಲಿ. ಹಿಮನದಿಯ ಮೇಲಿಳಿಯುವ ಹೆಲಿಕಾಪ್ಟರ್ ಯಾನದ ವೆಚ್ಚ ಅಗ್ಗದ ಟಿಕೆಟ್‌ನ ಬೆಲೆಯನ್ನೂ ಮೀರಬಹುದು. ಇಡೀ ಯಾನದಲ್ಲಿ ಒಂದಕ್ಕೆ ಮಾತ್ರ ಹಣ ತೆತ್ತು, ಉಳಿದ ಬಂದರುಗಳಲ್ಲಿ ಕಾಲ್ನಡಿಗೆ ಸಾಕು. ಕೆಚಿಕನ್‌ನಲ್ಲಿ ತೊರೆಯ ಮೇಲೆ ಕಂಬಗಳನ್ನು ನೆಟ್ಟು ಕಟ್ಟಿದ ಹಳೆಯ ಬೀದಿ ಹಡಗುಕಟ್ಟೆಯಿಂದ ನಡಿಗೆಯ ದೂರದಲ್ಲಿದೆ. 1890ರ ದಶಕದ ಕೊನೆಯಲ್ಲಿ ಚಿನ್ನದ ಬೆನ್ನುಹತ್ತಿ ಬಂದವರ ಊರಾದ ಸ್ಕ್ಯಾಗ್ವೇಯನ್ನು ಒಂದೆರಡು ಗಂಟೆಯಲ್ಲಿ ಸುತ್ತಬಹುದು. ಹಣ ಹಾಕುವ ಆ ಒಂದು ಪ್ರವಾಸ ಅಲ್ಲಿನ ವೈಟ್ ಪಾಸ್ ರೈಲು ಆಗಿರಬಹುದು. 1898ರಿಂದ 1900ರ ನಡುವೆ ಬಂಡೆಗಳನ್ನು ಸಿಡಿಸಿ ಹಾಕಿದ ನ್ಯಾರೋಗೇಜ್ ಮಾರ್ಗವದು. ಜೂನೋದ ಮೆಂಡನ್‌ಹಾಲ್ ಹಿಮನದಿ ಊರಿನಿಂದ ಸುಮಾರು 20 ಕಿ.ಮೀ.; ಹಡಗಿನ ಮೂಲಕವಲ್ಲದೆ ಬಂದರಿನಲ್ಲೇ ಸಿಗುವ ಬಸ್ ಹಿಡಿದರೆ ಖರ್ಚು ಕಡಿಮೆ.

ಇದಕ್ಕೂ ಅಗ್ಗದ ದಾರಿಯೊಂದಿದೆ. ಅಲಾಸ್ಕಾ ಸರ್ಕಾರ 1963ರಿಂದ ನಡೆಸುತ್ತಿರುವ ಫೆರಿ ಸೇವೆ ವಾಷಿಂಗ್ಟನ್ ರಾಜ್ಯದ ಬೆಲಿಂಗ್‌ಹ್ಯಾಮ್‌ನಿಂದ ಇದೇ ಜಲಮಾರ್ಗದಲ್ಲಿ ಕೆಚಿಕನ್‌ಗೆ ಹೋಗುತ್ತದೆ. ಕೋಣೆ ಕೊಳ್ಳುವುದು ಕಡ್ಡಾಯವಲ್ಲ. ಹರೆಯದವರು ಡೆಕ್ ಮೇಲೆ ಡೇರೆ ಹಾಕಿ ಮಲಗುವುದೂ ಉಂಟು. ನಡುವೆ ಕೆನಡಾದ ಬಂದರಿನಲ್ಲಿ ನಿಲ್ಲದಿರುವುದರಿಂದ ಮೇಲೆ ಹೇಳಿದ ಎರಡನೇ ವೀಸಾದ ತೊಡಕೂ ಇಲ್ಲ. ಮನರಂಜನೆ, ಪುಷ್ಕಳ ಊಟ ನಿರೀಕ್ಷಿಸಬಾರದು. ವಿದ್ಯಾರ್ಥಿಗಳಿಗೆ ಇದು ಹೇಳಿಮಾಡಿಸಿದಂತಿದೆ, ಹಿರಿಯರಿಗಲ್ಲ.

ಉಳಿಸಬಾರದ ಕಡೆ

ಹಿರಿಯರ ವಿಮೆಯಲ್ಲಿ ಕೈಹಿಡಿತ ಸಲ್ಲದು. ಹಡಗಿನ ವೈದ್ಯರ ಬಿಲ್ ದುಬಾರಿ. ಹೃದಯಾಘಾತದಂತಹ ಸಂದರ್ಭದಲ್ಲಿ ರೋಗಿಯನ್ನು ವಿಮಾನದಲ್ಲೋ ಹೆಲಿಕಾಪ್ಟರ್‌ನಲ್ಲೋ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕಾದರೆ ಆ ವೆಚ್ಚ ಇಡೀ ಪ್ರವಾಸದ ಹಲವು ಪಟ್ಟಾದೀತು. ಪಾಲಿಸಿಯಲ್ಲಿ ತುರ್ತು ಸ್ಥಳಾಂತರದ ಖರ್ಚು ಸೇರಿದೆಯೇ, ಮೊದಲೇ ಇರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ರಕ್ಷಣೆಯಿದೆಯೇ, ಹಡಗುಯಾನವನ್ನು ಹೊರಗಿಡಲಾಗಿದೆಯೇ ಎಂಬ ಮೂರನ್ನೂ ಸಣ್ಣ ಅಕ್ಷರದಲ್ಲಿ ಓದಿ ತಿಳಿಯಬೇಕು. ಔಷಧಗಳು ಕೈಚೀಲದಲ್ಲಿರಲಿ.

ಬಟ್ಟೆಗೆ ಹೆಚ್ಚು ಖರ್ಚು ಬೇಡ. ಬೇಸಿಗೆಯಲ್ಲಿ ಜೂನೋದ ಹಗಲಿನ ಉಷ್ಣತೆ 15ರಿಂದ 18 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹಿಮನದಿಯ ಎದುರು ಗಾಳಿ ಬೀಸಿದಾಗ ಮಾತ್ರ ಕೊರೆಯುತ್ತದೆ. ದಪ್ಪ ಕೋಟಿಗಿಂತ ಒಂದರ ಮೇಲೊಂದು ಹಾಕುವ ತೆಳು ಉಡುಪು, ಮೇಲೊಂದು ನೀರು ಇಳಿಯದ ಜಾಕೆಟ್, ಕೈಗವಸು, ಮನೆಯಲ್ಲಿರುವ ಮಂಕಿ ಕ್ಯಾಪ್ ಸಾಕು. ಸಸ್ಯಾಹಾರಿಗಳು ಟಿಕೆಟ್ ಕಾದಿರಿಸುವಾಗಲೇ ತಿಳಿಸಿದರೆ ಹಲವು ಕಂಪನಿಗಳು ಭಾರತೀಯ ಸಸ್ಯಾಹಾರ ಒದಗಿಸುತ್ತವೆ. ಚಟ್ನಿಪುಡಿ ಒಯ್ಯಲು ಅಡ್ಡಿಯಿಲ್ಲ. ವಿದ್ಯುತ್ ಕೆಟಲ್, ಇಸ್ತ್ರಿಪೆಟ್ಟಿಗೆಗಳನ್ನು ಬೆಂಕಿಯ ಭಯದಿಂದ ಹೆಚ್ಚಿನ ಹಡಗುಗಳಲ್ಲಿ ವಶಪಡಿಸಿಕೊಳ್ಳುತ್ತಾರೆ.

ಕೊನೆಯದಾಗಿ ಸಮಯ. ಯಾನ ಆರಂಭವಾಗುವ ನಗರಕ್ಕೆ ಒಂದು ದಿನ ಮೊದಲೇ ತಲುಪಬೇಕು. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಬಂದರಿನಲ್ಲಿ ಇಳಿಯುವಾಗ ಫೋನಿನ ಸಮಯವನ್ನಲ್ಲ, ಹಡಗಿನ ಸಮಯವನ್ನು ಬರೆದುಕೊಳ್ಳಿ. ಸ್ವಂತವಾಗಿ ಸುತ್ತಲು ಹೋದವರಿಗಾಗಿ ಹಡಗು ಕಾಯುವುದಿಲ್ಲ. ಜೂನೋ ರಾಜ್ಯದ ರಾಜಧಾನಿಯಾದರೂ ಹೊರಗಿನಿಂದ ಅಲ್ಲಿಗೆ ರಸ್ತೆಯಿಲ್ಲ. ಅಲ್ಲಿ ಹಡಗು ತಪ್ಪಿದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ವಿಮಾನವನ್ನೋ ಫೆರಿಯನ್ನೋ ಹಿಡಿಯಬೇಕು. ಹಡಗು ಹೊರಡಲು ಕನಿಷ್ಠ ಒಂದೂವರೆ ಗಂಟೆ ಇರುವಾಗಲೇ ಕಟ್ಟೆಗೆ ಮರಳಿ.